ಕಿವಿ ಮೊದಲು, ಮೈಕು ಆಮೇಲೆ

ಹೋದ ಸಂಚಿಕೆಯಲ್ಲಿ ಹವ್ಯಾಸಿ ರೇಡಿಯೋ, ಅಂದರೆ ಪರವಾನಗಿ ಪಡೆದು ಮನೆಯಿಂದಲೇ ಊರೂರಿನವರೊಡನೆ ರೇಡಿಯೋದಲ್ಲಿ ಮಾತಾಡುವ ಹ್ಯಾಮ್ ಬಗ್ಗೆ ಒಂದೂವರೆ ಪುಟ ಬರೆದು, ಕೊನೆಗೆ "ಸಂಶಯವಿದ್ದರೆ ಕೇಳಿ" ಎಂದು ಒಂದು ಸಾಲು ಸೇರಿಸಿದ್ದೆ. ಸಂಪಾದಕರು ಕಳಿಸಿದ ಪತ್ರಗಳ ಕಟ್ಟು ನೋಡಿದ ಮೇಲೆ ಆ ಸಾಲು ಯಾಕಾದರೂ ಬರೆದೆನೋ ಅನ್ನಿಸಿತು. ಅರ್ಧಕ್ಕರ್ಧ ಪತ್ರಗಳಲ್ಲಿ ಒಂದೇ ಪ್ರಶ್ನೆ: ಯಾವ ಸೆಟ್ಟು ಕೊಳ್ಳಲಿ? ಅಲ್ಲಿಂದಲೇ ಶುರುಮಾಡುತ್ತೇನೆ.

ಅದಕ್ಕೆ ಮುಂಚೆ ಒಂದು ತಿದ್ದುಪಡಿ. ಸುಮಾರು ಜನ ನನ್ನನ್ನು 'ಸರ್' ಎಂದು ಕರೆದಿದ್ದೀರಿ. ನಾನು ಸರ್ ಅಲ್ಲ. ಹ್ಯಾಮ್ ಭಾಷೆಯಲ್ಲಿ ಹೆಂಗಸರೆಲ್ಲ 'ವೈಎಲ್', ಯಂಗ್ ಲೇಡಿ. ಅರವತ್ತೆಂಟು ತುಂಬಿದ ಮೇಲೂ ನನ್ನನ್ನು ಯಂಗ್ ಅನ್ನುವ ಜಾಗ ಇದೊಂದೇ. ಹಾಗಾಗಿ ಬಿಟ್ಟಿಲ್ಲ.

ಪ್ರಶ್ನೆ: ಹೊಸಬರು ಮೊದಲು ಯಾವ ಸೆಟ್ ತೆಗೆದುಕೊಳ್ಳಬೇಕು? ಕೈಯಲ್ಲಿ ಹಿಡಿಯುವ ಹ್ಯಾಂಡಿ ಸಾಕೇ, ನೇರವಾಗಿ ಎಚ್‌ಎಫ್ ರಿಗ್‌ಗೇ, ಅಂದರೆ ಶಾರ್ಟ್‌ವೇವ್ ಸೆಟ್ಟಿಗೇ ಹೋಗಲೇ?

ಉತ್ತರ: ಸದ್ಯಕ್ಕೆ ಏನೂ ತೆಗೆದುಕೊಳ್ಳಬೇಡಿ. ಮೂರು ತಿಂಗಳು ಬರೀ ಕೇಳಿ.

ನನಗೆ ಈ ಹುಚ್ಚು ಹತ್ತಿದ್ದು ಅಣ್ಣನಿಂದ. ಅವನ ಮೇಜಿನ ಮೇಲೆ ಒಂದು ರಿಸೀವರ್, ಒಂದು ಟ್ರಾನ್ಸ್‌ಮಿಟರ್, ಚುಕ್ಕೆ-ಗೆರೆಗಳ ಸಂಕೇತ ಕಳಿಸುವ ಒಂದು ಮೋರ್ಸ್ ಕೀ ಇದ್ದವು. ಕೀ ಮುಟ್ಟಿದರೆ ಕೈ ಮೇಲೆ ಏಟು. ಹೆಡ್‌ಫೋನ್ ಮಾತ್ರ ಹಾಕಿಕೊಳ್ಳಬಹುದಿತ್ತು. ಎರಡು ವರ್ಷ ಹಾಗೇ ಕೇಳಿದೆ, ಅವನನ್ನು ಮನಸ್ಸಿನಲ್ಲೇ ಬೈದುಕೊಂಡು. ಪರವಾನಗಿ ಬಂದ ದಿನ ಗೊತ್ತಾಯಿತು: ಯಾವ ಬ್ಯಾಂಡು (ಹ್ಯಾಮ್‌ಗೆಂದು ಬಿಟ್ಟ ಫ್ರೀಕ್ವೆನ್ಸಿಗಳ ಪಟ್ಟಿ) ಎಷ್ಟು ಹೊತ್ತಿಗೆ ಏಳುತ್ತದೆ, ಎಲ್ಲಿ ನಿಧಾನವಾಗಿ ಮೋರ್ಸ್ ಕಳಿಸುವವರು ಕೂತಿರುತ್ತಾರೆ, ಇಬ್ಬರ ಮಾತಿನ ನಡುವೆ ಮೂರನೆಯವರು ಹೇಗೆ ಮರ್ಯಾದೆಯಿಂದ ಒಳಗೆ ಬರುತ್ತಾರೆ, ಇದೆಲ್ಲ ನನಗೆ ಆಗಲೇ ಬಂದಿತ್ತು. ಯಾವ ಪುಸ್ತಕದಲ್ಲೂ ಇದು ಸರಿಯಾಗಿ ಸಿಗುವುದಿಲ್ಲ.

ಈಗಿನವರಿಗೆ ಕೇಳಲು ರೇಡಿಯೋ ಕೂಡ ಬೇಕಿಲ್ಲ. ನೆದರ್‌ಲ್ಯಾಂಡ್ಸಿನ ಟ್ವೆಂಟೆ ವಿಶ್ವವಿದ್ಯಾಲಯದಲ್ಲಿ ಒಂದು ರಿಸೀವರನ್ನು ಅಂತರ್ಜಾಲಕ್ಕೆ ಜೋಡಿಸಿದ್ದಾರೆ. ಸೊನ್ನೆಯಿಂದ 29 ಮೆಗಾಹರ್ಟ್ಸ್‌ವರೆಗೆ ಎಲ್ಲಿ ಬೇಕಾದರೂ ತಿರುಗಿಸಿ ಕೇಳಬಹುದು, ನೂರಾರು ಜನ ಒಂದೇ ಸಲ, ಒಬ್ಬೊಬ್ಬರು ಒಂದೊಂದು ಕಡೆ. ಇಂಥವಕ್ಕೆ ವೆಬ್‌ಎಸ್‌ಡಿಆರ್ ಎನ್ನುತ್ತಾರೆ, ಲೋಕದಲ್ಲಿ ಬೇಕಾದಷ್ಟಿವೆ. ರಾತ್ರಿ 7.000ದಿಂದ 7.200ರವರೆಗೆ ಮೆಲ್ಲಗೆ ನಡೆಯಿರಿ. ಕೆಳಗಿನ ತುದಿಯಲ್ಲಿ ಮೋರ್ಸ್, 7.074ರ ಹತ್ತಿರ ಜೀರುಂಡೆಗಳ ಹಾಗೆ ಕೂಗುವ ಡಿಜಿಟಲ್ ಸದ್ದು, ಅದರಿಂದ ಮೇಲೆ ಹೋದಂತೆ ಮನುಷ್ಯರ ಮಾತು. ಒಂದು ವಾರ ಕೇಳಿದರೆ ಈ ಊರಿನ ಬೀದಿಗಳು ಪರಿಚಯವಾಗುತ್ತವೆ. ಆದರೆ ಅದು ಅಲ್ಲಿಯವರ ಆಕಾಶ. ನಿಮ್ಮ ಮನೆಯ ಮೇಲೆ ಏನು ಬೀಳುತ್ತಿದೆ ಎಂದು ತಿಳಿಯಲು ಆಮೇಲೆ ನಿಮ್ಮದೇ ಒಂದು ಸಣ್ಣ ರಿಸೀವರ್ ಬೇಕು, ಹ್ಯಾಮ್‌ಗಳ ಮಾತನ್ನು ಬಿಡಿಸುವ ಎಸ್‌ಎಸ್‌ಬಿ ಸ್ವಿಚ್ ಇರುವಂಥದ್ದು (ಎಸ್‌ಎಸ್‌ಬಿ ಏನೆಂದು ಮುಂದೆ ಹೇಳುತ್ತೇನೆ).

ಇನ್ನು ಹ್ಯಾಂಡಿಯೋ ಎಚ್‌ಎಫ್‌ಓ ಅನ್ನುವುದು. ಹ್ಯಾಂಡಿ ಸಾಮಾನ್ಯವಾಗಿ ಓಡಾಡುವುದು 144 ಮೆಗಾಹರ್ಟ್ಸ್‌ನ ಆಸುಪಾಸಿನಲ್ಲಿ. ಆ ಅಲೆಗಳು ಹೆಚ್ಚುಕಡಿಮೆ ಕಣ್ಣಿಗೆ ಕಾಣುವಷ್ಟು ದೂರವೇ ಹೋಗುತ್ತವೆ. ಎತ್ತರದಲ್ಲಿ ರಿಪೀಟರ್ ಇದ್ದರೆ ಅದು ಎತ್ತಿ ಮುಂದಕ್ಕೆ ದಾಟಿಸುತ್ತದೆ. ನೀವಿರುವ ಕಡೆ ಜೀವಂತ ರಿಪೀಟರ್ ಇದ್ದು, ಅದರಲ್ಲಿ ಜನ ಮಾತಾಡುತ್ತಿದ್ದರೆ ಹ್ಯಾಂಡಿ ಒಳ್ಳೆಯ ಸಂಗಾತಿ. ಇಲ್ಲದಿದ್ದರೆ ಎರಡು ವಾರದಲ್ಲಿ ಡ್ರಾಯರ್ ಸೇರುತ್ತದೆ. ಹ್ಯಾಂಡಿ ಕೊಂಡು "ಹ್ಯಾಮ್‌ನಲ್ಲಿ ಯಾರೂ ಇಲ್ಲ" ಎಂದು ಕೈಬಿಟ್ಟವರನ್ನು ತುಂಬ ನೋಡಿದ್ದೇನೆ. ಜನ ಇದ್ದರು, ಬೇರೆ ಬ್ಯಾಂಡಿನಲ್ಲಿದ್ದರು.

ಬರೀ ಕೇಳುವುದೇನು ದೊಡ್ಡಸ್ತಿಕೆ ಎನ್ನಬೇಡಿ. 1928ರ ಮೇ 25ರಂದು, ಉಂಬೆರ್ಟೋ ನೊಬಿಲೆಯ 'ಇಟಾಲಿಯಾ' ಎಂಬ ವಾಯುನೌಕೆ ಉತ್ತರ ಧ್ರುವ ನೋಡಿ ಬರುವಾಗ ಹಿಮದ ಮೇಲೆ ಬಿತ್ತು. ಬದುಕಿ ಉಳಿದವರಲ್ಲಿ ರೇಡಿಯೋ ಆಪರೇಟರ್ ಬಿಯಾಜಿ ಒಬ್ಬ. ಸಣ್ಣದೊಂದು ಶಾರ್ಟ್‌ವೇವ್ ಟ್ರಾನ್ಸ್‌ಮಿಟರಿನಲ್ಲಿ ದಿನಗಟ್ಟಲೆ ಎಸ್‌ಓಎಸ್ ಕಳಿಸುತ್ತಲೇ ಇದ್ದ. ಅವರನ್ನು ಹುಡುಕಲೆಂದೇ ನಿಂತಿದ್ದ ಹಡಗಿಗೆ ಅದು ದಕ್ಕಲಿಲ್ಲ. ಜೂನ್ 3ರಂದು ಕೇಳಿಸಿಕೊಂಡವನು ರಷ್ಯದ ಒಂದು ಹಳ್ಳಿಯಲ್ಲಿದ್ದ ನಿಕೊಲಾಯ್ ಶ್ಮಿಟ್ ಎಂಬ ಹವ್ಯಾಸಿ, ತಾನೇ ಜೋಡಿಸಿಕೊಂಡ ರಿಸೀವರಿನಲ್ಲಿ. ಹತ್ತಿರದ ಹಡಗಿಗೆ ಕೇಳದ್ದು ಸಾವಿರಾರು ಕಿಲೋಮೀಟರ್ ದೂರದವನಿಗೆ ಹೇಗೆ ಕೇಳಿತು? ಮುಂದಿನ ಪ್ರಶ್ನೆಯಲ್ಲಿ ಅದಕ್ಕೆ ಉತ್ತರವಿದೆ.

ಪ್ರಶ್ನೆ: ಹಗಲು 7 ಮೆಗಾಹರ್ಟ್ಸ್‌ನಲ್ಲಿ ಸ್ಪಷ್ಟವಾಗಿ ಕೇಳುತ್ತಿದ್ದ ಹತ್ತಿರದ ಊರುಗಳವರು ಕತ್ತಲಾದ ಮೇಲೆ ಮಾಯವಾಗುತ್ತಾರೆ. ಬದಲಿಗೆ ಗೊತ್ತಿಲ್ಲದ ಭಾಷೆಗಳು ಕೇಳುತ್ತವೆ. ರಿಸೀವರ್ ಕೆಟ್ಟಿದೆಯೇ?

ಉತ್ತರ: ಕೆಟ್ಟಿಲ್ಲ, ಬಹಳ ಚೆನ್ನಾಗಿದೆ. ಬದಲಾದದ್ದು ಆಕಾಶ.

ನೆಲದಿಂದ ಸುಮಾರು 60ರಿಂದ 90 ಕಿಲೋಮೀಟರ್ ಎತ್ತರದಲ್ಲಿ, ಬಿಸಿಲಿರುವಾಗ ಮಾತ್ರ ಮೈದಳೆಯುವ ಒಂದು ಪದರವಿದೆ, ಡಿ ಪದರ ಅಂತ. ಅದಕ್ಕೆ 7 ಮೆಗಾಹರ್ಟ್ಸ್‌ನಂಥ ಕಡಿಮೆ ಫ್ರೀಕ್ವೆನ್ಸಿಯ ಬ್ಯಾಂಡುಗಳ ಅಲೆಗಳನ್ನು ನುಂಗುವ ಚಟ. ಓರೆಯಾಗಿ ಹೊರಟ ಅಲೆ ಅದರೊಳಗೆ ತುಂಬ ದೂರ ನಡೆಯಬೇಕಾಗುತ್ತದೆ, ಸೊರಗುತ್ತದೆ. ನೆಟ್ಟಗೆ ಮೇಲೆ ಹೋದದ್ದು ಬೇಗ ದಾಟಿ, 200 ಕಿಲೋಮೀಟರಿಗೂ ಮೇಲಿರುವ ಎಫ್ ಪದರಕ್ಕೆ ತಾಗಿ, ನೆಟ್ಟಗೇ ಕೆಳಗೆ ಬರುತ್ತದೆ. ಹಾಗಾಗಿ ಹಗಲಿನಲ್ಲಿ ನೂರಾರು ಕಿಲೋಮೀಟರ್ ಒಳಗಿನವರು ನೆರೆಮನೆಯವರ ಹಾಗೆ ಕೇಳಿಸುತ್ತಾರೆ. ಸೂರ್ಯ ಮುಳುಗಿದ ಮೇಲೆ ಡಿ ಪದರ ಕರಗುತ್ತದೆ, ಓರೆ ಅಲೆಗಳಿಗೆ ದಾರಿ ಬಿಡುತ್ತದೆ, ಸಾವಿರಾರು ಕಿಲೋಮೀಟರ್ ಆಚೆಯವರು ಬರುತ್ತಾರೆ. ಅದೇ ಹೊತ್ತಿಗೆ ಎಫ್ ಪದರವೂ ತೆಳ್ಳಗಾಗಿ, ನೆಟ್ಟಗೆ ಬಂದ ಅಲೆಯನ್ನು ತಿರುಗಿಸುವ ತ್ರಾಣ ಕಳೆದುಕೊಳ್ಳುತ್ತದೆ. ಅಲೆ ಹತ್ತಿರದವರ ತಲೆಯ ಮೇಲೆ ಹಾರಿಹೋಗುತ್ತದೆ. ಹಿಮದ ಮೇಲಿನ ಬಿಯಾಜಿಯ ಕರೆ ಹಡಗನ್ನು ದಾಟಿ ರಷ್ಯದಲ್ಲಿ ಇಳಿದದ್ದೂ ಇಂಥ ಜಿಗಿತದಿಂದಲೇ.

14 ಮೆಗಾಹರ್ಟ್ಸ್ ಹಗಲಿನ ಹಕ್ಕಿ. 28 ಮೆಗಾಹರ್ಟ್ಸ್ ಸೂರ್ಯನ ಕಲೆಗಳು ಹೆಚ್ಚಿದಾಗ ಮಾತ್ರ ನಿಜವಾಗಿ ಏಳುತ್ತದೆ. ಸೂರ್ಯನ ಚಕ್ರ ಸರಾಸರಿ 11 ವರ್ಷದ್ದು, ಅದು ಗರಿಷ್ಠ ಹಂತಕ್ಕೆ ಬಂದಿದೆಯೆಂದು 2024ರ ಅಕ್ಟೋಬರಿನಲ್ಲಿ ನಾಸಾದವರು ಹೇಳಿದ್ದರು.

ಇಲ್ಲೊಂದು ಹಳೆಯ ಕಥೆ ಹೇಳದೆ ಮುಂದೆ ಹೋಗಲಾರೆ. 1912ರಲ್ಲಿ ಅಮೆರಿಕದ ಸರ್ಕಾರ ಹವ್ಯಾಸಿಗಳನ್ನು 200 ಮೀಟರ್ ಮತ್ತು ಅದಕ್ಕಿಂತ ಗಿಡ್ಡ ಅಲೆಗಳಿಗೆ ದೂಡಿತು. ಆ ಅಲೆಗಳು ದೂರಕ್ಕೆ ಕೆಲಸಕ್ಕೆ ಬಾರವು ಎಂಬುದು ಆಗಿನ ತಿಳಿವಳಿಕೆ. ದೂಡಿಸಿಕೊಂಡವರು ಸುಮ್ಮನೆ ಕೂರಲಿಲ್ಲ. 1923ರ ನವೆಂಬರಿನಲ್ಲಿ ಫ್ರಾನ್ಸಿನ ಲಿಯೋಂ ಡೆಲೂವಾ ಮತ್ತು ಅಮೆರಿಕದ ಫ್ರೆಡ್ ಶ್ನೆಲ್ ಸುಮಾರು 110 ಮೀಟರಿನಲ್ಲಿ ಅಟ್ಲಾಂಟಿಕ್ ದಾಟಿ ಮಾತಾಡಿದರು, ಹವ್ಯಾಸಿಗಳಲ್ಲಿ ಮೊದಲ ಬಾರಿಗೆ, ಎರಡೂ ಕಡೆಯಿಂದ. ಕಸವೆಂದು ಕೊಟ್ಟ ಜಾಗದಲ್ಲಿ ಹೊನ್ನು ಸಿಕ್ಕಿತು ನೋಡಿ.

ಪ್ರಶ್ನೆ: ಅಜ್ಜೀ, ನಾನು ಎಂಟನೇ ಕ್ಲಾಸು. ನಮ್ಮ ಮನೆಯ ಹಳೇ ಶಾರ್ಟ್‌ವೇವ್ ರೇಡಿಯೋದಲ್ಲಿ ಹ್ಯಾಮ್‌ಗಳ ಮಾತು ಬಾತುಕೋಳಿ ಕೂಗಿದ ಹಾಗೆ ಕೇಳುತ್ತದೆ. ಸರಿಮಾಡುವುದು ಹೇಗೆ?

ಉತ್ತರ: ಪುಟ್ಟಾ, ನೀನು ಬಾತುಕೋಳಿಯನ್ನು ಹಿಡಿದಿದ್ದೀಯಲ್ಲ, ಅರ್ಧ ಕೆಲಸ ಮುಗಿಯಿತು. ಸಾಮಾನ್ಯ ನಿಲಯಗಳು ಮಾತಿನ ಜೊತೆ ಒಂದು ದೊಡ್ಡ ವಾಹಕ ಅಲೆಯನ್ನೂ ಕಳಿಸುತ್ತವೆ. ಶಕ್ತಿಯ ಹೆಚ್ಚು ಪಾಲು ತಿನ್ನುವುದು ಆ ವಾಹಕವೇ. ಹ್ಯಾಮ್‌ಗಳು ಅದನ್ನು ಕಿತ್ತುಹಾಕಿ, ಮಾತಿನ ಒಂದೇ ಪಕ್ಕವನ್ನು ಕಳಿಸುತ್ತಾರೆ. ಅದಕ್ಕೇ ಎಸ್‌ಎಸ್‌ಬಿ, ಸಿಂಗಲ್ ಸೈಡ್‌ಬ್ಯಾಂಡ್, ಎಂದು ಹೆಸರು. ಕಿತ್ತುಹಾಕಿದ್ದನ್ನು ಕೇಳುವವರು ಮತ್ತೆ ಸೇರಿಸಿಕೊಳ್ಳಬೇಕು. ನಿನ್ನ ರೇಡಿಯೋಗೆ ಆ ವಿದ್ಯೆ ಗೊತ್ತಿಲ್ಲ.

ಅಣ್ಣ ನನಗೆ ಕಲಿಸಿದ ಕಳ್ಳದಾರಿ ಹೇಳಿಕೊಡುತ್ತೇನೆ. ಮುಳ್ಳು ತಿರುಗಿಸುವಂಥ ಇನ್ನೊಂದು ಹಳೇ ಶಾರ್ಟ್‌ವೇವ್ ರೇಡಿಯೋ ಸಿಕ್ಕರೆ ಪಕ್ಕದಲ್ಲಿ ಇಡು, ಅದರ ಸದ್ದು ಪೂರ್ತಿ ತಗ್ಗಿಸು. ನಿನ್ನ ಬಾತುಕೋಳಿ 7.100ರಲ್ಲಿದ್ದರೆ, ಎರಡನೆಯದನ್ನು ಅದಕ್ಕಿಂತ 455 ಕಿಲೋಹರ್ಟ್ಸ್ ಕೆಳಗೆ, ಅಂದರೆ 6.645ರ ಹತ್ತಿರ ಮೆಲ್ಲಗೆ ಆಡಿಸು. ಆ ರೇಡಿಯೋದ ಒಳಗಿನ ಆಂದೋಲಕ ಸರಿಯಾಗಿ 7.100ರಲ್ಲಿ ಸಣ್ಣಗೆ ಸೋರುತ್ತದೆ, ನಿನ್ನ ರೇಡಿಯೋಗೆ ಕಳೆದುಹೋದ ವಾಹಕ ಸಿಕ್ಕಂತಾಗುತ್ತದೆ. ಕೂದಲೆಳೆಯಷ್ಟು ತಿರುಗಿಸಬೇಕು. ಒಂದು ಕ್ಷಣ ಬಾತುಕೋಳಿ ಮನುಷ್ಯನಾಗುತ್ತದೆ. ನಾನು ಮೊದಲ ಸಲ ಕೇಳಿದಾಗ ಕಿರುಚಿದ್ದೆ.

ಪ್ರಶ್ನೆ: ಪರವಾನಗಿ ಪರೀಕ್ಷೆ ಕಷ್ಟವೇ? ನಾನು ಕಲಾ ವಿಭಾಗದವಳು, ವಿಜ್ಞಾನ ಓದಿಲ್ಲ. ಪರವಾನಗಿ ಇಲ್ಲದೆ ಸ್ವಲ್ಪ ಮಾತಾಡಿ ನೋಡಬಹುದೇ?

ಉತ್ತರ: ಎರಡನೆಯದಕ್ಕೆ ಮೊದಲು ಉತ್ತರ: ಬೇಡ. ಬರೀ ಕೇಳುವುದಕ್ಕೆ ಬಹಳಷ್ಟು ದೇಶಗಳಲ್ಲಿ ಪರವಾನಗಿ ಬೇಕಿಲ್ಲ, ಆದರೂ ನಿಮ್ಮಲ್ಲಿಯ ನಿಯಮ ಒಮ್ಮೆ ನೋಡಿಕೊಳ್ಳಿ. ಗುಂಡಿ ಒತ್ತಿ ಮಾತಾಡಲು ಮಾತ್ರ ಎಲ್ಲ ಕಡೆಯೂ ಬೇಕು. ಹ್ಯಾಂಡಿಗಳು ಈಗ ಆಟದ ಸಾಮಾನಿನ ಹಾಗೆ ಸಿಗುತ್ತವೆ, ಅವುಗಳಲ್ಲಿ ಕೆಲವು ಹ್ಯಾಮ್‌ಗೆ ಸೇರದ ತರಂಗಾಂತರಗಳಲ್ಲೂ ಕೂಗಬಲ್ಲವು. ಅಲ್ಲಿ ಆಂಬುಲೆನ್ಸ್ ಇರಬಹುದು, ವಿಮಾನ ಇರಬಹುದು.

ಪರೀಕ್ಷೆಯಲ್ಲಿ ಎರಡು ಪಾಲು. ಒಂದು, ತೀರಾ ಮೊದಲ ಮೆಟ್ಟಿಲಿನ ವಿದ್ಯುತ್ ಮತ್ತು ರೇಡಿಯೋ: ಓಮ್‌ನ ನಿಯಮ, ಕೆಪಾಸಿಟರ್, ತರಂಗಾಂತರದ ಲೆಕ್ಕ, ಆಂಟೆನಾ. ಇನ್ನೊಂದು, ನಿಯಮಗಳು: ಯಾವ ಬ್ಯಾಂಡು ನಮ್ಮದು, ಕರೆಸಂಕೇತ (ಪರವಾನಗಿಯ ಜೊತೆ ಸಿಗುವ ನಮ್ಮ ಗುರುತು) ಹೇಗೆ ಹೇಳಬೇಕು, ಏನು ಕೂಡದು. ವ್ಯಾಪಾರದ ಮಾತು ಕೂಡದು, ಹಾಡು ಹಾಕುವುದು ಕೂಡದು, ಅರ್ಥ ಮುಚ್ಚಿಡುವ ಗುಪ್ತಲಿಪಿ ಕೂಡದು. 300ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಮೀಟರಿನಲ್ಲಿ ತರಂಗಾಂತರ ಬರುತ್ತದೆ ಎಂಬುದು ತಲೆಗೆ ಹತ್ತಿದರೆ ನೀವು ಅರ್ಧ ದಾರಿ ಬಂದಿರಿ. ನನಗೆ ಗೊತ್ತಿರುವ ಅತ್ಯಂತ ಸೊಗಸಾದ ಮೋರ್ಸ್ ಕೈ ಒಬ್ಬ ಸಂಗೀತ ಟೀಚರದ್ದು. ಅವರಿಗೆ ಇವತ್ತಿಗೂ ಟ್ರಾನ್ಸಿಸ್ಟರಿನ ಮೂರು ಕಾಲುಗಳಲ್ಲಿ ಯಾವುದು ಯಾವುದೆಂದು ಪುಸ್ತಕ ನೋಡಿಯೇ ಹೇಳಬೇಕು.

ಪ್ರಶ್ನೆ: ಆಂಟೆನಾ ನಾವೇ ಕಟ್ಟಿಕೊಳ್ಳಬಹುದೇ? ಅಳತೆ ಹೇಗೆ? ಎಸ್‌ಡಬ್ಲ್ಯುಆರ್ (ಕಳಿಸಿದ ಶಕ್ತಿಯಲ್ಲಿ ಎಷ್ಟು ಆಂಟೆನಾದಿಂದ ಹಿಂದಕ್ಕೆ ಬರುತ್ತದೆ ಎಂದು ತೋರಿಸುವ ಅಳತೆ) ಎಷ್ಟಿದ್ದರೆ ಸರಿ?

ಉತ್ತರ: ಈ ಪ್ರಶ್ನೆ ಕೇಳಿದವರು ಒಬ್ಬರೇ. ಸೆಟ್ಟಿನ ಬಗ್ಗೆ ಕೇಳಿದವರು ಅಷ್ಟೊಂದು ಜನ! ತಿರುಗುಮುರುಗು ಆಗಬೇಕಿತ್ತು. ಒಳ್ಳೆಯ ತಂತಿಗೆ ಕಟ್ಟಿದ ಸಾಧಾರಣ ಸೆಟ್ಟು, ಕೆಟ್ಟ ತಂತಿಗೆ ಕಟ್ಟಿದ ಭರ್ಜರಿ ಸೆಟ್ಟನ್ನು ಯಾವತ್ತೂ ಸೋಲಿಸುತ್ತದೆ.

ಮೊದಲ ಆಂಟೆನಾ ಡೈಪೋಲ್ ಆಗಿರಲಿ. ತಾಮ್ರದ ಎರಡು ತಂತಿ, ನಡುವೆ ಒಂದು ಅವಾಹಕದ ತುಂಡು, ಅಲ್ಲಿಂದ ಕೆಳಗೆ ಕೋಆಕ್ಸ್ ಕೇಬಲ್. ಅಷ್ಟೇ. 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿ. ಬಂದದ್ದು ಒಟ್ಟು ಉದ್ದ, ಮೀಟರಿನಲ್ಲಿ. 7.1ಕ್ಕೆ ಸುಮಾರು 20 ಮೀಟರ್ 14 ಸೆಂಟಿಮೀಟರ್. ಎರಡು ರೆಕ್ಕೆ, ಒಂದೊಂದು 10 ಮೀಟರ್ 7 ಸೆಂಟಿಮೀಟರ್. ನಡುವನ್ನು ಒಂದು ಕಂಬಕ್ಕೆ ಎತ್ತಿ ಕಟ್ಟಿ ತುದಿಗಳನ್ನು ಇಳಿಬಿಟ್ಟರೂ ನಡೆಯುತ್ತದೆ. ಎತ್ತರ ಹತ್ತು ಮೀಟರ್ ಸಿಕ್ಕರೆ ಪುಣ್ಯ. ಐದಾರು ಮೀಟರಿದ್ದರೂ ಹತ್ತಿರದ ಊರುಗಳಿಗೆ ತೊಂದರೆಯಿಲ್ಲ.

ನನ್ನ ಮೊದಲ ಡೈಪೋಲಿನ ಕಥೆ ಕೇಳಿ. ಲೆಕ್ಕ ಮಾಡಿದೆ, 20 ಬಂತು. ಎರಡು ರೆಕ್ಕೆಯಲ್ಲವೇ ಎಂದು ಅರ್ಧ ಮಾಡಿ 10 ಎಂದು ಚೀಟಿಯಲ್ಲಿ ಬರೆದಿಟ್ಟೆ. ಮಾರನೆಯ ದಿನ ತಂತಿ ಕತ್ತರಿಸುವಾಗ ಆ 10ನ್ನು ಒಟ್ಟು ಉದ್ದ ಎಂದುಕೊಂಡು ಮತ್ತೆ ಅರ್ಧ ಮಾಡಿದೆ. ಐದೈದು ಮೀಟರಿನ ರೆಕ್ಕೆ ಮೇಲೇರಿತು. ಎಸ್‌ಡಬ್ಲ್ಯುಆರ್ ಮೀಟರಿನ ಮುಳ್ಳು ಆ ತುದಿಗೆ ಹೋಗಿ ಅಂಟಿಕೊಂಡಿತು. ಎರಡು ದಿನ ಕನೆಕ್ಟರ್ ಬಿಚ್ಚಿ ಬೆಸುಗೆ ಹಾಕಿದೆ, ಕೇಬಲ್ ಬದಲಿಸಿದೆ, ಸೆಟ್ಟಿನ ಮೇಲೆ ಗುಮಾನಿಪಟ್ಟೆ. ಅಣ್ಣ ಬಂದವನು ಮೀಟರ್ ನೋಡಲೇ ಇಲ್ಲ. ಹೊರಗೆ ಹೋಗಿ ತಂತಿಯ ಕೆಳಗೆ ಹೆಜ್ಜೆ ಹಾಕಿ ಅಳೆದ, ಒಳಗೆ ಬಂದು ಸೆಟ್ಟನ್ನು 14ಕ್ಕೆ ತಿರುಗಿಸಿದ. ಮುಳ್ಳು ತೆಪ್ಪಗೆ ಕೆಳಗೆ ಬಿತ್ತು. ತಪ್ಪಾಗಿ ನಾನು ಇನ್ನೊಂದು ಬ್ಯಾಂಡಿಗೆ ಸರಿಯಾದ ಆಂಟೆನಾ ಕಟ್ಟಿದ್ದೆ! ಸಮುದ್ರದಾಚೆಯ ನನ್ನ ಮೊದಲ ಸಂಪರ್ಕ ಆ ಸಂಜೆಯೇ, ಆ ತಂತಿಯಲ್ಲೇ. ಅದನ್ನು ನಾನು ಬಿಚ್ಚಲಿಲ್ಲ. 7ಕ್ಕೆ ಬೇರೆಯದು ಕಟ್ಟಿದೆ.

ಲೆಕ್ಕದ ಉದ್ದಕ್ಕಿಂತ ಪ್ರತಿ ರೆಕ್ಕೆಗೂ ಒಂದು ಗೇಣು ಹೆಚ್ಚು ಬಿಟ್ಟು ಕತ್ತರಿಸಿ. ಕತ್ತರಿಸಿದ ತಂತಿ ಮತ್ತೆ ಬೆಳೆಯುವುದಿಲ್ಲ. ಎಸ್‌ಡಬ್ಲ್ಯುಆರ್ ಅತಿ ಕಡಿಮೆ ಇರುವ ಜಾಗ ನಿಮಗೆ ಬೇಕಾದ ಫ್ರೀಕ್ವೆನ್ಸಿಗಿಂತ ಕೆಳಗಿದ್ದರೆ ತಂತಿ ಉದ್ದವಾಗಿದೆ, ಎರಡೂ ಕಡೆ ಸಮನಾಗಿ ಸ್ವಲ್ಪ ಸ್ವಲ್ಪ ಕತ್ತರಿಸಿ. ಮೇಲಿದ್ದರೆ ಗಿಡ್ಡವಾಗಿದೆ. ನ್ಯಾನೋವಿಎನ್‌ಎ ಎಂಬ ಅಂಗೈಯಗಲದ ಉಪಕರಣ ಈಗ ಸಿಗುತ್ತದೆ, ಒಂದೇ ನೋಟಕ್ಕೆ ಪೂರ್ತಿ ರೇಖೆ ತೋರಿಸುತ್ತದೆ. ನಾಲ್ಕು ಜನ ಸೇರಿ ಒಂದು ಇಟ್ಟುಕೊಂಡರೂ ಸಾಕು. 1.5 ಬಂದರೆ ಹಿಂದಕ್ಕೆ ಬರುವುದು ನೂರಕ್ಕೆ ನಾಲ್ಕು ಪಾಲು, 2ಕ್ಕೆ ಹನ್ನೊಂದು, 3ಕ್ಕೆ ಇಪ್ಪತ್ತೈದು. ಹಾಗಾಗಿ 1.5 ಬಂದಲ್ಲಿಗೆ ಏಣಿಯಿಂದ ಇಳಿಯಿರಿ. 1.1ಕ್ಕಾಗಿ ಇಡೀ ಭಾನುವಾರ ತಾರಸಿಯ ಮೇಲೆ ಕಳೆಯುವವರಿದ್ದಾರೆ. ಆ ಹೊತ್ತಿಗೆ ಹತ್ತು ಜನರೊಡನೆ ಮಾತಾಡಬಹುದಿತ್ತು.

ಇದೊಂದನ್ನು ಗದರಿಸಿಯೇ ಹೇಳುತ್ತೇನೆ. ಆಂಟೆನಾ ಕಟ್ಟುವ ಮುಂಚೆ ತಲೆ ಎತ್ತಿ ಕರೆಂಟಿನ ತಂತಿ ಎಲ್ಲಿದೆ ನೋಡಿ. ನಿಮ್ಮ ತಂತಿ ಹರಿದು ಬಿದ್ದರೂ, ಕಂಬ ಯಾವ ಕಡೆಗೆ ವಾಲಿ ಬಿದ್ದರೂ ಅದಕ್ಕೆ ತಾಗಬಾರದು. ತಾಗುವಂತಿದ್ದರೆ ಆ ಜಾಗ ಬೇಡ, ಚೌಕಾಸಿ ಇಲ್ಲ. ಸಿಡಿಲಿನ ಕಾಲದಲ್ಲಿ ಕೇಬಲ್ ಕಿತ್ತು ಮನೆಯ ಹೊರಗಿಡಿ; ಗುಡುಗು ಕೇಳಿದ ಮೇಲೆ ಅಲ್ಲ, ಮೋಡ ಕವಿಯುವ ಮುಂಚೆ.

ಪ್ರಶ್ನೆ: ನಾವಿರುವುದು ಫ್ಲ್ಯಾಟಿನಲ್ಲಿ. ತಾರಸಿಗೆ ತಂತಿ ಕಟ್ಟಲು ಬಿಡುವುದಿಲ್ಲ. ಕಿಟಕಿಯ ಹತ್ತಿರ ರಿಸೀವರ್ ಇಟ್ಟರೆ ಬರೀ ಬುಸುಗುಡುವ ಸದ್ದು. ಈ ಹವ್ಯಾಸ ನಮಗಲ್ಲವೇ?

ಉತ್ತರ: ನಿಮಗೂ ಹೌದು, ಆದರೆ ಮೊದಲು ಬುಸುಗುಡುವ ಹಾವನ್ನು ಹಿಡಿಯಬೇಕು. ರಿಸೀವರನ್ನು ಬ್ಯಾಟರಿಗೆ ಹಾಕಿ, ಮನೆಯ ಮೇನ್ ಸ್ವಿಚ್ ಇಳಿಸಿ. ಸದ್ದು ನಿಂತರೆ ಕಳ್ಳ ಮನೆಯೊಳಗೇ ಇದ್ದಾನೆ. ಒಂದೊಂದೇ ಸ್ವಿಚ್ ಹಾಕುತ್ತಾ ಬನ್ನಿ. ಸಾಮಾನ್ಯವಾಗಿ ಸಿಕ್ಕಿಬೀಳುವವರು ಎಲ್‌ಇಡಿ ದೀಪ, ಮೊಬೈಲ್ ಚಾರ್ಜರ್, ಲ್ಯಾಪ್‌ಟಾಪಿನ ಅಡಾಪ್ಟರ್. ನಮ್ಮ ಮನೆಯಲ್ಲಿ ಸಿಕ್ಕಿದ್ದು ಕಾಲಿಂಗ್ ಬೆಲ್ಲಿನ ಟ್ರಾನ್ಸ್‌ಫಾರ್ಮರ್, ಹನ್ನೊಂದು ವರ್ಷ ಯಾರಿಗೂ ಗೊತ್ತಾಗದೆ ಅದು ಗೊಣಗುತ್ತಿತ್ತು. ಕೆಲವಕ್ಕೆ ವಯರಿನ ಮೇಲೆ ಫೆರೈಟ್ ಉಂಗುರ ಹಾಕಿದರೆ ಸುಮ್ಮನಾಗುತ್ತವೆ, ಕೆಲವನ್ನು ಬದಲಿಸಬೇಕು.

ಬಾಲ್ಕನಿಯಿದ್ದರೆ ಒಂದು ಮೀಟರ್ ಅಡ್ಡಳತೆಯ ಲೂಪ್ ಆಂಟೆನಾ ಇಡಬಹುದು. ಸ್ವಲ್ಪ ಫ್ರೀಕ್ವೆನ್ಸಿ ಬದಲಿಸಿದರೂ ಮತ್ತೆ ಟ್ಯೂನ್ ಮಾಡಬೇಕು, ಕಿರಿಕಿರಿ. ಕಡಿಮೆ ವಾಟಿನಲ್ಲೂ ಅದರ ಕೆಪಾಸಿಟರಿನ ಮೇಲೆ ಸಾವಿರಾರು ವೋಲ್ಟ್ ಏರುತ್ತದೆ, ಪ್ರಸಾರ ಮಾಡುವಾಗ ಹತ್ತಿರ ಕೈ ಹೋಗಬಾರದು. ನನ್ನ ಸಲಹೆ ಬೇರೆ. ಸಣ್ಣ ಸೆಟ್ಟು, ಬ್ಯಾಟರಿ, ಸುತ್ತಿಟ್ಟ ತಂತಿ ಚೀಲಕ್ಕೆ ಹಾಕಿಕೊಂಡು ಭಾನುವಾರ ಬಯಲಿಗೆ ಹೋಗಿ. ಕರೆಂಟಿಲ್ಲದ ಜಾಗದಲ್ಲಿ ಬ್ಯಾಂಡು ಎಷ್ಟು ಶಾಂತವಾಗಿರುತ್ತದೆ ಎಂದು ಒಮ್ಮೆ ಕೇಳಿದವರು ಮನೆಯಲ್ಲಿ ಕೂರುವುದೇ ಕಡಿಮೆ ಮಾಡುತ್ತಾರೆ.

ಪ್ರಶ್ನೆ: 100 ವಾಟಿನ ಸೆಟ್ ಇಲ್ಲದೆ ಹೊರದೇಶದವರನ್ನು ಮುಟ್ಟಲು ಆಗುವುದಿಲ್ಲ ಎನ್ನುತ್ತಾರೆ, ನಿಜವೇ?

ಉತ್ತರ: ಹೇಳಿದವರ ಹತ್ತಿರ 100 ವಾಟಿನ ಸೆಟ್ ಇರಬೇಕು. 100 ವಾಟಿಗೂ 5 ವಾಟಿಗೂ ವ್ಯತ್ಯಾಸ 13 ಡೆಸಿಬೆಲ್. ಕೇಳುವವರ ಎಸ್ ಮೀಟರಿನಲ್ಲಿ, ಅಂದರೆ ಬಂದ ಅಲೆಯ ಬಲ ತೋರಿಸುವ ಮುಳ್ಳಿನಲ್ಲಿ, ಒಂದು ಮನೆಗೆ 6 ಡೆಸಿಬೆಲ್. ಅಂದರೆ ಶಕ್ತಿ ಇಪ್ಪತ್ತು ಪಟ್ಟು, ಮುಳ್ಳು ಸರಿಯುವುದು ಎರಡೇ ಮನೆ ಚಿಲ್ಲರೆ. ಎಸ್9 ಇದ್ದದ್ದು ಎಸ್7 ಆಗುತ್ತದೆ. ಹೊಸಬರು ಮಾತಿಗೆ 5 ವಾಟಿನಿಂದಲೇ ಶುರುಮಾಡಿ ಎನ್ನುವುದಿಲ್ಲ, ತಾಳ್ಮೆ ಬೇಕಾಗುತ್ತದೆ. ಮೋರ್ಸಿಗೂ ಎಫ್‌ಟಿ8ಕ್ಕೂ ಅದು ಧಾರಾಳ. ಎಫ್‌ಟಿ8 ಎಂಬುದು 2017ರಲ್ಲಿ ಬಂದ ಡಿಜಿಟಲ್ ವಿಧಾನ. ರೂಪಿಸಿದ ಇಬ್ಬರಲ್ಲಿ ಒಬ್ಬರು ಜೋ ಟೇಲರ್, ಅವಳಿ ಪಲ್ಸಾರ್ ಶೋಧಕ್ಕೆ 1993ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದವರು. ಹದಿನೈದು ಸೆಕೆಂಡಿಗೊಂದು ಸರದಿ. ಕಿವಿಗೆ ಕೇಳದಷ್ಟು ಕ್ಷೀಣವಾದದ್ದನ್ನೂ ಕಂಪ್ಯೂಟರ್ ಗದ್ದಲದೊಳಗಿಂದ ಹೆಕ್ಕಿ ತೆಗೆಯುತ್ತದೆ. ಆದರೆ ಅದರಲ್ಲಿ ಮಾತಿಲ್ಲ, ಲೆಕ್ಕ ಮಾತ್ರ. ನನಗೆ ಬೇಗ ಬೇಸರ ಬಂತು.

ಪ್ರಶ್ನೆ: ಈ ಕಾಲದಲ್ಲೂ ಮೋರ್ಸ್ ಕಲಿಯಬೇಕೇ?

ಉತ್ತರ: ಬೇಕೇ ಎಂದರೆ ಬೇಕಿಲ್ಲ. ಎಚ್‌ಎಫ್‌ಗೆ ಮೋರ್ಸ್ ಕಡ್ಡಾಯವೆಂಬ ಅಂತರರಾಷ್ಟ್ರೀಯ ನಿಯಮವನ್ನು 2003ರ ವಿಶ್ವ ಸಮ್ಮೇಳನದಲ್ಲಿ ತೆಗೆದುಹಾಕಿದರು, ಅಲ್ಲಿಂದ ಮುಂದೆ ಆಯಾ ದೇಶದ ಇಷ್ಟ. ಆದರೆ ಕಲಿತರೆ ಏನು ಸಿಗುತ್ತದೆ ಎಂದು ಕೇಳಿ.

ಕನ್ನಡ ಓದಿದವರಿಗೆ ಮೋರ್ಸ್ ಹೊಸದೇನಲ್ಲ. ಶಾಲೆಯಲ್ಲಿ ಪದ್ಯಕ್ಕೆ ಲಘು ಗುರು ಹಾಕಿದ್ದೀರಲ್ಲ? ಡಿ ಲಘು, ಡಾ ಗುರು. ಯಮಾತಾರಾಜಭಾನಸಲಗಂ ನೆನಪಿದ್ದರೆ ಮೂರಕ್ಷರದ ಎಂಟು ಗಣಗಳು ಮೋರ್ಸಿನ ಎಂಟು ಅಕ್ಷರಗಳಾಗಿ ಕೂತಿರುವುದು ಕಾಣುತ್ತದೆ. ಯಗಣ ಡಬ್ಲ್ಯು, ಮಗಣ ಓ, ತಗಣ ಜಿ, ರಗಣ ಕೆ, ಜಗಣ ಆರ್, ಭಗಣ ಡಿ, ನಗಣ ಎಸ್, ಸಗಣ ಯು. ಹಡಗು ಮುಳುಗುವಾಗ ಕೂಗುವ ಎಸ್‌ಓಎಸ್ ಎಂದರೆ ನಗಣ, ಮಗಣ, ನಗಣ! ಒಂದೇ ವ್ಯತ್ಯಾಸ, ನಮ್ಮ ಗುರುವಿಗೆ ಎರಡು ಮಾತ್ರೆ, ಮೋರ್ಸಿನ ಗುರುವಿಗೆ ಮೂರು.

ಇದನ್ನು ಖುಷಿಗೆ ಹೇಳಿದೆ. ಹೀಗೆ ಕಾಗದದ ಮೇಲೆ ಗುರುತು ಹಾಕಿ ಕಲಿಯಲು ಹೋಗಬೇಡಿ. ಕಾಗದದಿಂದ ಕಲಿತವರು ಕೇಳಿದ್ದನ್ನು ಮೊದಲು ಗುರುತು ಮಾಡಿ, ಗುರುತನ್ನು ಅಕ್ಷರ ಮಾಡುತ್ತಾರೆ. ಅಷ್ಟರಲ್ಲಿ ಮುಂದಿನ ಎರಡು ಅಕ್ಷರ ಹೋಗಿರುತ್ತವೆ. ಕೋಖ್ ವಿಧಾನ ಒಳ್ಳೆಯದು: ಮೊದಲ ದಿನದಿಂದಲೇ ಪೂರ್ತಿ ವೇಗದಲ್ಲಿ, ಕೆ ಮತ್ತು ಎಂ ಎರಡೇ ಅಕ್ಷರ. ನೂರಕ್ಕೆ ತೊಂಬತ್ತು ಸರಿ ಬಂದ ಮೇಲೆ ಮೂರನೆಯದು. ದಿನಕ್ಕೆ ಹದಿನೈದು ನಿಮಿಷ, ಅದಕ್ಕಿಂತ ಹೆಚ್ಚು ಬೇಡ. ಒಂದು ದಿನ ಬಸ್ಸಿನ ಹಾರನ್ ಏನೋ ಅಕ್ಷರ ಹೇಳಿದಂತೆ ಕೇಳುತ್ತದೆ. ಆಗ ತಿಳಿಯಿರಿ, ಹತ್ತಿತು.

ಪ್ರಶ್ನೆ: ಪರವಾನಗಿ ಬಂದು ಐದು ತಿಂಗಳಾಯಿತು. ಮೈಕ್ ಹಿಡಿದರೆ ಗಂಟಲು ಒಣಗುತ್ತದೆ. ಎಲ್ಲರೂ ಕೇಳಿಸಿಕೊಳ್ಳುತ್ತಾರೆ ಎಂಬ ಹೆದರಿಕೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರ ಓದಿ ನಕ್ಕೆ, ಕ್ಷಮಿಸಿ. ನನ್ನ ಮೊದಲ ಸಂಪರ್ಕದಲ್ಲಿ ಎದುರಿನವರು "ನಿಮ್ಮ ಕರೆಸಂಕೇತ ಇನ್ನೊಮ್ಮೆ" ಎಂದರು. ನನಗೆ ಮರೆತುಹೋಗಿತ್ತು. ಎರಡು ವರ್ಷ ಕಾದು ಪಡೆದದ್ದು! ಅವರು ತಾಳ್ಮೆಯಿಂದ "ನಿಧಾನ, ಗೋಡೆಯ ಮೇಲಿನ ಪರವಾನಗಿ ನೋಡಿ ಓದಿ" ಎಂದರು. ಗೋಡೆಯ ಮೇಲೆ ತೂಗುಹಾಕಿರುತ್ತೇನೆ ಎಂದು ಅವರಿಗೆ ಹೇಗೆ ಗೊತ್ತಾಯಿತೋ.

ಕಾಗದದ ಮೇಲೆ ದೊಡ್ಡಕ್ಷರದಲ್ಲಿ ನಾಲ್ಕು ವಿಷಯ ಬರೆದು ಎದುರಿಗಿಡಿ: ನಿಮ್ಮ ಕರೆಸಂಕೇತ, ಅದರ ಆಲ್ಫಾ ಬ್ರಾವೋ ರೂಪ (ಎ ಅಕ್ಷರಕ್ಕೆ ಆಲ್ಫಾ, ಬಿ ಅಕ್ಷರಕ್ಕೆ ಬ್ರಾವೋ ಎಂಬಂತೆ), ಹೆಸರು, ಊರು. ಮೊದಲ ದಿನವೇ ಸಿಕ್ಯೂ, ಅಂದರೆ 'ಯಾರಾದರೂ ಇದ್ದೀರಾ' ಎಂದು ಕೂಗುವ ಅಗತ್ಯವಿಲ್ಲ. ಬೇರೆಯವರು ಕೂಗುವುದನ್ನು ಕಾಯಿರಿ, ಅವರು ನಿಲ್ಲಿಸಿದ ಮೇಲೆ ನಿಮ್ಮ ಕರೆಸಂಕೇತವನ್ನು ಒಂದು ಸಲ ಹೇಳಿ ಬೆರಳು ತೆಗೆಯಿರಿ. ಅವರು ನಿಮಗೆ ವರದಿ ಕೊಡುತ್ತಾರೆ, ಫೈವ್ ನೈನ್, ಅಂದರೆ ಸ್ಪಷ್ಟತೆ ಐದಕ್ಕೆ ಐದು, ಬಲ ಒಂಬತ್ತಕ್ಕೆ ಒಂಬತ್ತು. ನೀವೂ ಕೊಡಿ. ಎಲ್ಲರಿಗೂ ಕಣ್ಣು ಮುಚ್ಚಿಕೊಂಡು ಫೈವ್ ನೈನ್ ಹಂಚುವ ರೋಗವಿದೆ, ಫೈವ್ ನೈನ್ ಕೊಟ್ಟು ಮರುಕ್ಷಣ "ಹೆಸರು ಕೇಳಿಸಲಿಲ್ಲ" ಎನ್ನುತ್ತಾರೆ. ನೀವು ಕೇಳಿದ್ದನ್ನೇ ಹೇಳಿ. ಹೆಸರು, ಊರು, ಸೆವೆಂಟಿ ತ್ರೀ (ಹ್ಯಾಮ್‌ಗಳ ಶುಭಾಶಯ), ಮುಗಿಯಿತು. ಎರಡು ನಿಮಿಷವೂ ಹಿಡಿಯುವುದಿಲ್ಲ. ಲಾಗ್ ಪುಸ್ತಕದಲ್ಲಿ ಸಮಯವನ್ನು ಯುಟಿಸಿಯಲ್ಲಿ, ಅಂದರೆ ಲೋಕಕ್ಕೆಲ್ಲ ಒಂದೇ ಆದ ಗಡಿಯಾರದಲ್ಲಿ ಬರೆಯಿರಿ, ಇಲ್ಲದಿದ್ದರೆ ಸಂಪರ್ಕದ ಗುರುತಿಗೆ ಕಳಿಸುವ ಕ್ಯೂಎಸ್‌ಎಲ್ ಕಾರ್ಡು ಹಾಕುವಾಗ ತಾರೀಖೇ ತಪ್ಪುತ್ತದೆ.

ಎಲ್ಲರೂ ಕೇಳಿಸಿಕೊಳ್ಳುತ್ತಾರೆ ಎಂಬುದು ನಿಜ. ಆದರೆ ಕೇಳಿಸಿಕೊಳ್ಳುವವರಲ್ಲಿ ಅರ್ಧ ಜನ ನಿಮ್ಮ ಹಾಗೇ ಮೈಕ್ ಹಿಡಿದು ಗಂಟಲು ಒಣಗಿಸಿಕೊಂಡು ಕೂತವರು.

ಪ್ರಶ್ನೆ: ಫೋನ್ ಇರುವಾಗ ಇದೆಲ್ಲ ಯಾಕೆ?

ಉತ್ತರ: ಫೋನಿನಲ್ಲಿ ಯಾರನ್ನು ಕರೆಯುತ್ತಿದ್ದೇನೆಂದು ನನಗೆ ಮೊದಲೇ ಗೊತ್ತಿರುತ್ತದೆ.

ಪ್ರಶ್ನೆ: ಬಾಹ್ಯಾಕಾಶ ನಿಲ್ದಾಣದವರ ಜೊತೆ ಹ್ಯಾಮ್‌ಗಳು ಮಾತಾಡುತ್ತಾರಂತೆ. ಸಾಮಾನ್ಯರಿಗೆ ಸಾಧ್ಯವೇ?

ಉತ್ತರ: ಕೇಳುವುದಂತೂ ಸುಲಭ. 145.800 ಮೆಗಾಹರ್ಟ್ಸ್, ಎಫ್‌ಎಂ. ನಿಲ್ದಾಣ ತಲೆಯ ಮೇಲೆ ಹಾದುಹೋಗಲು ಹತ್ತು ನಿಮಿಷದಷ್ಟು ಹಿಡಿಯುತ್ತದೆ. ಬರುವಾಗ ಫ್ರೀಕ್ವೆನ್ಸಿ ಮೂರೂವರೆ ಕಿಲೋಹರ್ಟ್ಸ್‌ನಷ್ಟು ಮೇಲೆ, ಹೋಗುವಾಗ ಅಷ್ಟೇ ಕೆಳಗೆ. ರೈಲಿನ ಸೀಟಿಯ ಹಾಗೆ. ಶಾಲೆಯ ಮಕ್ಕಳು ಗಗನಯಾತ್ರಿಗಳ ಜೊತೆ ಮಾತಾಡುವ ಏರ್ಪಾಡೂ ಇದೆ, ಅಂಥ ಹೊತ್ತಿಗೆ ಕೇಳುತ್ತಾ ಕೂತರೆ ಗಗನಯಾತ್ರಿಯ ಉತ್ತರಗಳು ಕಿವಿಗೆ ಬೀಳುತ್ತವೆ. ಬಾಹ್ಯಾಕಾಶದಿಂದ ಮೊದಲು ಮಾತಾಡಿದ ಹ್ಯಾಮ್ ಓವೆನ್ ಗ್ಯಾರಿಯಟ್, 1983ರಲ್ಲಿ, ಕೊಲಂಬಿಯಾ ನೌಕೆಯಿಂದ.

ನನಗೆ ಅದಕ್ಕಿಂತ ಪ್ರೀತಿ ಆಸ್ಕರ್-1ರ ಮೇಲೆ. ಹವ್ಯಾಸಿಗಳೇ ಕಟ್ಟಿದ ಉಪಗ್ರಹ, 1961ರ ಡಿಸೆಂಬರ್ 12ರಂದು ಹಾರಿತು, ತೂಕ ಸುಮಾರು ನಾಲ್ಕೂವರೆ ಕಿಲೋ. ಅದು ಮೋರ್ಸಿನಲ್ಲಿ ಹೇಳುತ್ತಿದ್ದದ್ದು ಒಂದೇ ಮಾತು, 'ಎಚ್ ಐ'. ಎಷ್ಟು ಬೇಗ ಹೇಳುತ್ತದೆ ಎಂಬುದರ ಮೇಲೆ ಅದರೊಳಗೆ ಎಷ್ಟು ಬಿಸಿಯಿದೆ ಎಂದು ಗೊತ್ತಾಗುತ್ತಿತ್ತು. ಹ್ಯಾಮ್‌ಗಳ ಮೋರ್ಸಿನಲ್ಲಿ 'ಎಚ್ ಐ' ಅಂದರೆ ನಗು.

ಪ್ರಶ್ನೆ: ಅರ್ಧ ಗಂಟೆ ಸಿಕ್ಯೂ ಕೂಗಿದರೂ ಯಾರೂ ಉತ್ತರಿಸದ ದಿನ ನೀವು ಏನು ಮಾಡುತ್ತೀರಿ?

ಉತ್ತರ: ಮೊದಲು ಆಂಟೆನಾ ಸ್ವಿಚ್ ಸರಿಯಾದ ಕಡೆ ಇದೆಯೇ ನೋಡುತ್ತೇನೆ. ಎರಡು ಸಲ ಇರಲಿಲ್ಲ.

ಅದು ಸರಿಯಿದ್ದರೆ ನಕ್ಷೆ ತೆರೆಯುತ್ತೇನೆ. ಮೋರ್ಸಿನಲ್ಲಿ ಸಿಕ್ಯೂ ಕೂಗಿದರೆ ಲೋಕದ ನಾನಾ ಕಡೆ ತಾವಾಗಿಯೇ ಕೇಳಿಸಿಕೊಳ್ಳುವ ರಿಸೀವರುಗಳಿವೆ. ಯಾರ ಕರೆ, ಯಾವ ಫ್ರೀಕ್ವೆನ್ಸಿ, ಎಷ್ಟು ಬಲ ಎಂದು ಬರೆದುಕೊಂಡು ಅಂತರ್ಜಾಲಕ್ಕೆ ಹಾಕುತ್ತವೆ. ಹೋದ ಮಂಗಳವಾರ 14 ಮೆಗಾಹರ್ಟ್ಸ್‌ನಲ್ಲಿ, ಅದೇ ಐದು ಮೀಟರ್ ರೆಕ್ಕೆಯ ತಂತಿಯಲ್ಲಿ, ಇಪ್ಪತ್ತು ನಿಮಿಷ ಕೂಗಿದೆ. ಯಾರೂ ಬರಲಿಲ್ಲ. ನಕ್ಷೆ ನೋಡಿದರೆ ಎರಡು ಸಮುದ್ರ ದಾಟಿ ಒಂದು ಯಂತ್ರ ನನ್ನ ಕರೆಸಂಕೇತವನ್ನು ಅಕ್ಷರ ತಪ್ಪಿಲ್ಲದೆ ಬರೆದುಕೊಂಡಿತ್ತು. ಅಲ್ಲಿ ಆಗ ರಾತ್ರಿ ಮೂರು ಗಂಟೆ. ಯಂತ್ರ ಎಚ್ಚರವಾಗಿತ್ತು, ಅದರ ಯಜಮಾನರು ಮಲಗಿದ್ದರು. ಸಮಯ ಲೆಕ್ಕ ಹಾಕಿಕೊಂಡು, ಗುರುವಾರ ಸಂಜೆ ಮತ್ತೆ ಕೂಗಿದೆ.